ಹ್ವಾಂಗ್‌ಶಾನ್‌ಗೆ ಮೂರು ದಿನ: ಮೊದ್ಲು ಬೆಟ್ಟದ ಮೇಲಿನ ರಾತ್ರಿ ಬುಕ್ ಮಾಡಿ, ಉಳಿದಿದ್ದು ಆಮೇಲೆ

ಚೀನಾದ ಹಳೇ ಚಿತ್ರಗಳನ್ನ ನೋಡಿರ್ತೀರ, ಮೋಡದ ಮಧ್ಯೆ ಕಲ್ಲಿನ ಕಂಬದ ಥರ ಬೆಟ್ಟಗಳು, ಬಂಡೆ ಸಂದೀಲಿ ಸೊಟ್ಟಗೆ ಬೆಳೆದ ಒಂದು ಪೈನ್ ಮರ. ಚಿತ್ರ ಬರೆಯೋರು ಕಲ್ಪನೆ ಮಾಡ್ಕೊಂಡು ಬರೆದಿದ್ದು ಅಂತ ನಾನೂ ಅಂದ್ಕೊಂಡಿದ್ದೆ. ಅಲ್ಲ, ಅನ್‌ಹುಯ್ ಪ್ರಾಂತ್ಯದ ಹ್ವಾಂಗ್‌ಶಾನ್‌ಗೆ ಹೋದ್ರೆ ಹಂಗೇ ಇದೆ. 1990ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ಅತಿ ಎತ್ತರದ ತಾವರೆ ಶಿಖರ 1,864 ಮೀಟರ್, ಅಂದ್ರೆ ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಕಮ್ಮಿನೇ, ಉಸಿರು ಕಟ್ಟತ್ತೆ ತಲೆ ಸುತ್ತತ್ತೆ ಅನ್ನೋ ಭಯ ಬೇಡ. ಕಷ್ಟ ಏನಿದ್ರೂ ಮಂಡಿಗೆ. ಬೆಟ್ಟದ ತುಂಬ ಎಲ್ಲಾ ಸೇರಿ 60,000ಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು ಇದೆ ಅಂತಾರೆ, ನಾನು ಎಣಿಸಿಲ್ಲ, ಕಾಲಿಗೆ ಗೊತ್ತು.

ಆಫೀಸ್ ಕೆಲ್ಸಕ್ಕೆ ಶಾಂಘೈಗೋ ಹಾಂಗ್‌ಝೌಗೋ ಹೋದವರು ಮೂರು ದಿನ ರಜ ಹಾಕ್ಕೊಂಡ್ರೆ ಆರಾಮಾಗಿ ಮುಗಿಸಬಹುದು. ಬರೀ ಇದಕ್ಕೇ ಬೆಂಗಳೂರಿಂದ ಹೋಗೋದಾದ್ರೆ ಓಡಾಟ ಸೇರಿ ಒಂದು ವಾರ ಇಟ್ಕೊಳಿ.

ಮೊದಲ್ನೇದು: ಮೇಲೆ ಮಲಗೋ ರಾತ್ರಿ

ಎಲ್ಲರೂ ಫ್ಲೈಟ್ ಟಿಕೆಟ್‌ನಿಂದ ಶುರು ಮಾಡ್ತಾರೆ, ಇಲ್ಲಿ ಮಾತ್ರ ಉಲ್ಟಾ ಮಾಡಿ. ಬೆಟ್ಟದ ಮೇಲೇ ಹೋಟೆಲ್‌ಗಳಿವೆ, ಬೆಯ್‌ಹಾಯ್, ಶೀಹಾಯ್, ಪಾಯ್‌ಯುನ್‌ಲೌ, ಬಾಯ್‌ಯುನ್ ಹೀಗೆ ಬೆರಳೆಣಿಕೆಯಷ್ಟು, ಅವುಗಳಲ್ಲಿ ರೂಮ್ ಸಿಗೋ ದಿನ ನೋಡ್ಕೊಂಡು ಆಮೇಲೆ ಉಳಿದಿದ್ದನ್ನ ಅದರ ಹಿಂದೆ ಮುಂದೆ ಜೋಡಿಸ್ಕೊಳಿ. ಬೆಳಿಗ್ಗೆ ಹತ್ತಿ ಸಂಜೆ ಇಳಿದು ಬರೋರು ತುಂಬ ಜನ ಇದ್ದಾರೆ, ಆದ್ರೆ ಅವರು ನೋಡೋದು ಹೆಚ್ಚಾಗಿ ಮುಂದಿರೋರ ಬ್ಯಾಗು. ಕೊನೇ ಕೇಬಲ್ ಕಾರ್ ಇಳಿದ ಮೇಲೆ ಅರ್ಧಕ್ಕರ್ಧ ಜನ ಖಾಲಿ ಆಗ್ತಾರಲ್ಲ, ಆಮೇಲಿನ ಎರಡು ಗಂಟೆ ಮತ್ತೆ ಮಾರನೇ ಬೆಳಿಗ್ಗೆ, ಅದಕ್ಕೇ ನಾವು ಅಷ್ಟು ದೂರದಿಂದ ದುಡ್ಡು ಕೊಟ್ಟು ಹೋಗೋದು.

ರೇಟ್ ನೋಡಿದ್ರೆ ಎದೆ ಧಸಕ್ ಅನ್ನತ್ತೆ, ಕೆಳಗಿನ ಊರಿಗಿಂತ ಎರಡು ಮೂರು ಪಟ್ಟು. ಶನಿವಾರ ಇನ್ನೂ ಜಾಸ್ತಿ. ಒಂಟಿ ಹೋಗೋರಿಗೆ ಬಂಕ್ ಬೆಡ್ ಸಿಗತ್ತೆ, ಅದು ಪರವಾಗಿಲ್ಲ. ಯಾಕಿಷ್ಟು ರೇಟು ಅನ್ನೋದು ದಾರೀಲೇ ಗೊತ್ತಾಗತ್ತೆ. ಅಕ್ಕಿ, ತರಕಾರಿ, ನೀರಿನ ಬಾಟ್ಲಿ ಎಲ್ಲಾ ಹೊತ್ಕೊಂಡು ಬರೋ ಹಮಾಲರು ಮೆಟ್ಟಿಲ ಮೇಲೆ ಸಿಗ್ತಾರೆ, ಹೆಗಲ ಮೇಲೆ ಬಿದಿರಿನ ಅಡ್ಡೆ, ಎರಡೂ ತುದಿಗೆ ಮೂಟೆ, ಕೈಯಲ್ಲೊಂದು ಕೋಲು. ಸುಸ್ತಾದಾಗ ಮೂಟೆನ ಕೆಳಗಿಡಲ್ಲ, ಇಟ್ರೆ ಮತ್ತೆ ಎತ್ತೋದು ಕಷ್ಟ, ಆ ಕೋಲನ್ನ ನೆಟ್ಟಗೆ ನಿಲ್ಲಿಸಿ ಅಡ್ಡೆನ ಅದರ ತಲೆ ಮೇಲೆ ಆನಿಸಿ ಹೆಗಲು ಮಾತ್ರ ಹೊರಗೆ ತಗೊಂಡು ನಿಂತು ಬೆವರು ಒರೆಸ್ಕೋತಾರೆ. ಇಳಿಯುವಾಗ ಹೋಟೆಲ್‌ನ ಕೊಳೆ ಬೆಡ್‌ಶೀಟು, ಕಸ. ಅವರು ಬಂದ್ರೆ ಗೋಡೆ ಕಡೆ ಸರಿದು ದಾರಿ ಬಿಡಿ, ಮುಖದ ಹತ್ರ ಫೋನ್ ಹಿಡೀಬೇಡಿ.

ಯಾವಾಗ ಹೋಗಬಾರದು ಅನ್ನೋದು ಸುಲಭ: ಅಕ್ಟೋಬರ್ 1ರಿಂದ ಶುರುವಾಗೋ ರಜಾ ವಾರ, ಮೇ 1ರ ರಜ, ಚೀನೀ ಹೊಸ ವರ್ಷ. ದೇಶಕ್ಕೆ ದೇಶವೇ ಹೊರಟಿರತ್ತೆ. ಮಳೆ ಬೇಡ ಅಂದ್ರೆ ಅಕ್ಟೋಬರ್ ಎರಡನೇ ವಾರದ ಮೇಲಿಂದ ನವೆಂಬರ್. ಚಳಿಗಾಲದಲ್ಲಿ ಹಿಮ ಕೂತ ಪೈನ್ ಮರ ನೋಡೋಕೆ ಚಂದ, ಟಿಕೆಟ್ಟೂ ಕಮ್ಮಿ, ಆದ್ರೆ ಶೀಹಾಯ್ ಕಣಿವೆ ದಾರಿ ಮಂಜುಗಡ್ಡೆ ಕಾರಣಕ್ಕೆ ಮುಚ್ಚಿರತ್ತೆ. ಇನ್ನೊಂದು, ತಾವರೆ ಶಿಖರ ಮತ್ತೆ ತಿಯಾನ್‌ಡು ಶಿಖರಗಳನ್ನ ಗಿಡಮರ ಚೇತರಿಸ್ಕೊಳ್ಳಲಿ ಅಂತ ಸರದಿ ಮೇಲೆ ವರ್ಷಗಟ್ಟಲೆ ಮುಚ್ತಾರೆ, ಈಗ ಯಾವುದು ತೆಗೆದಿದೆ ಅಂತ ನೋಡ್ಕೊಂಡು ಹೋಗಿ.

ವೀಸಾ, ಫೋನು, ದುಡ್ಡು

ಯೂಟ್ಯೂಬಲ್ಲಿ "240 ಗಂಟೆ ವೀಸಾ ಬೇಡ" ಅಂತ ವಿಡಿಯೋ ನೋಡಿ ಖುಷಿ ಪಡಬೇಡಿ, ಆ ಟ್ರಾನ್ಸಿಟ್ ಸೌಲಭ್ಯ ಭಾರತದ ಪಾಸ್‌ಪೋರ್ಟಿಗಿಲ್ಲ. ಟೂರಿಸ್ಟ್ ವೀಸಾ ಮಾಡಿಸ್ಲೇಬೇಕು. ಕರ್ನಾಟಕ ಮುಂಬೈ ಕಾನ್ಸುಲೇಟ್ ವ್ಯಾಪ್ತಿಗೆ ಬರತ್ತೆ. ಆನ್‌ಲೈನ್ ಫಾರ್ಮ್ ಉದ್ದ ಇದೆ, ಹೋಗಿಬರೋ ಟಿಕೆಟ್ ಮತ್ತೆ ಹೋಟೆಲ್ ಬುಕಿಂಗ್ ಕೇಳ್ತಾರೆ, ಅದಕ್ಕೆ ಕ್ಯಾನ್ಸಲ್ ಮಾಡಬಹುದಾದ ಬುಕಿಂಗೇ ಮಾಡಿ. ಬೆಂಗಳೂರಿಂದ ಸಿಂಗಪುರ, ಕೌಲಾಲಂಪುರ, ಬ್ಯಾಂಕಾಕ್ ಅಥವಾ ಹಾಂಗ್‌ಕಾಂಗ್ ಮೇಲೆ ಶಾಂಘೈ ಸೇರ್ಕೋಬಹುದು.

ಅಲ್ಲಿ ಯುಪಿಐ ನಡೆಯಲ್ಲ, ಆದ್ರೆ ಕ್ಯೂಆರ್ ಕೋಡ್ ಇಲ್ದೇ ಏನೂ ನಡೆಯಲ್ಲ! ಹೊರಡೋ ಮುಂಚೆ ಮನೇಲೇ ಅಲಿಪೇ ಅನ್ನೋ ಚೀನೀ ಪೇಮೆಂಟ್ ಆ್ಯಪ್ ಹಾಕ್ಕೊಂಡು ಪಾಸ್‌ಪೋರ್ಟ್ ವೆರಿಫೈ ಮಾಡಿ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಬ್ಯಾಂಕ್ ಕಾರ್ಡ್ ಸೇರಿಸಿ, ಓಟಿಪಿ ನಿಮ್ಮ ಇಂಡಿಯಾ ನಂಬರಿಗೇ ಬರೋದ್ರಿಂದ ಆ ಸಿಮ್ ರೋಮಿಂಗಲ್ಲಿ ಜೀವಂತ ಇರಬೇಕು. ವಾಟ್ಸಾಪ್, ಗೂಗಲ್ ಅಲ್ಲಿನ ವೈಫೈಯಲ್ಲಿ ಬರಲ್ಲ, ರೋಮಿಂಗ್ ಡೇಟಾದಲ್ಲಿ ಬರತ್ತೆ. ಸ್ವಲ್ಪ ಯುವಾನ್ ನೋಟು ಇಟ್ಕೊಳಿ, ಫೋನ್ ಚಾರ್ಜ್ ಮುಗಿದ್ರೆ ನೀವು ಬಡವರೇ.

ಪವರ್ ಬ್ಯಾಂಕ್ ವಿಷ್ಯ ಸುಮಾರು ಜನಕ್ಕೆ ಗೊತ್ತಿಲ್ಲ. 2025 ಜೂನ್ 28ರಿಂದ ಚೀನಾದ ಒಳಗಿನ ಫ್ಲೈಟುಗಳಲ್ಲಿ 3ಸಿ ಅನ್ನೋ ಅವರ ಸುರಕ್ಷತಾ ಮಾರ್ಕ್ ಇಲ್ಲದ ಪವರ್ ಬ್ಯಾಂಕ್ ಒಯ್ಯೋ ಹಾಗಿಲ್ಲ, ನಾವು ಇಲ್ಲಿ ಕೊಂಡಿರೋದ್ರಲ್ಲಿ ಅದು ಸಾಮಾನ್ಯವಾಗಿ ಇರಲ್ಲ. ಹ್ವಾಂಗ್‌ಶಾನ್‌ಗೆ ಟ್ರೈನಲ್ಲಿ ಹೋಗೋಕೆ ಇದೂ ಒಂದು ಕಾರಣ.

ಮೂರು ಹ್ವಾಂಗ್‌ಶಾನ್

ನಾವು ಎಡವಿದ್ದು ಇಲ್ಲೇ. ಹೋಟೆಲ್ ಹೆಸರಲ್ಲಿ ಹ್ವಾಂಗ್‌ಶಾನ್ ಅಂತಿತ್ತು, ಮ್ಯಾಪಲ್ಲಿ ಊರೂ ಹ್ವಾಂಗ್‌ಶಾನ್ ಅಂತಿತ್ತು, ಬುಕ್ ಮಾಡಿದ್ವಿ, ಬೆಳಿಗ್ಗೆ ಎದ್ದು ಕಿಟಕಿ ತೆಗೆದ್ರೆ ಬೆಟ್ಟನೇ ಇಲ್ಲ. ರಿಸೆಪ್ಷನ್ ಹುಡುಗಿ ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ ತೋರಿಸಿದ್ಲು, "ಪರ್ವತ ಇಲ್ಲಿ ಇಲ್ಲ, ಬಸ್ಸಿನಲ್ಲಿ ಇದೆ." ಆಮೇಲೆ ಅರ್ಥ ಆಯ್ತು, 1987ರಲ್ಲಿ ಹಳೇ ಹುಯ್‌ಝೌ ಪ್ರದೇಶಕ್ಕೆ ಹ್ವಾಂಗ್‌ಶಾನ್ ನಗರ ಅಂತ ಹೆಸರಿಟ್ರು, ಆ ನಗರದ ಮುಖ್ಯ ಭಾಗ ಟುನ್‌ಶಿ, ಅದು ಬೆಟ್ಟದಿಂದ ಗಂಟೆಗೂ ಹೆಚ್ಚು ದೂರ. ಬೆಟ್ಟದ ಉತ್ತರಕ್ಕೆ ಹ್ವಾಂಗ್‌ಶಾನ್ ಡಿಸ್ಟ್ರಿಕ್ಟ್ ಅಂತ ಇನ್ನೊಂದಿದೆ. ನೀವು ಹುಡುಕಬೇಕಾದ ಹೆಸರು ಟಾಂಗ್‌ಕೋ, ದಕ್ಷಿಣದ ಗೇಟ್ ಪಕ್ಕದ ಪುಟ್ಟ ಊರು. ಬುಕ್ ಮಾಡುವಾಗ ವಿದೇಶಿಯರನ್ನ ಇಟ್ಕೋತಾರಾ ಅಂತಾನೂ ಕೇಳಿ, ಯಾಕಂದ್ರೆ ಪಾಸ್‌ಪೋರ್ಟ್ ವಿವರ ಪೊಲೀಸರಿಗೆ ಕಳಿಸೋ ರಗಳೆ ಬೇಡ ಅಂತ ಸಣ್ಣ ಹೋಂಸ್ಟೇ ಕೆಲವರು ಬಾಗಿಲಲ್ಲೇ ಆಗಲ್ಲ ಅಂತಾರೆ.

ಟ್ರೈನ್: ಹಾಂಗ್‌ಝೌ ಈಸ್ಟ್‌ನಿಂದ ಹ್ವಾಂಗ್‌ಶಾನ್ ನಾರ್ತ್ ಸ್ಟೇಷನ್‌ಗೆ ಸುಮಾರು ಒಂದೂವರೆ ಗಂಟೆ, ಈ ಹೈಸ್ಪೀಡ್ ಲೈನ್ 2018ರ ಡಿಸೆಂಬರಲ್ಲಿ ಶುರುವಾಗಿದ್ದು. ಶಾಂಘೈ ಹೊಂಗ್‌ಚಿಯಾವ್‌ನಿಂದ ಎರಡೂವರೆ ಮೂರು ಗಂಟೆ. ಟಿಕೆಟ್ 15 ದಿನ ಮುಂಚೆ ಓಪನ್ ಆಗತ್ತೆ, ಪಾಸ್‌ಪೋರ್ಟೇ ಟಿಕೆಟ್. ಆಟೋಮ್ಯಾಟಿಕ್ ಗೇಟು ನಮ್ಮ ಪಾಸ್‌ಪೋರ್ಟ್ ಓದಲಿಲ್ಲ ಅಂದ್ರೆ ಪಕ್ಕದಲ್ಲಿ ಸಿಬ್ಬಂದಿ ನಿಂತಿರೋ ಲೈನ್ ಹಿಡೀರಿ, ಹೊರಡೋಕೆ ಕೆಲವು ನಿಮಿಷ ಮುಂಚೆನೇ ಗೇಟ್ ಮುಚ್ಚಿಬಿಡ್ತಾರೆ, ಮೆಜೆಸ್ಟಿಕ್ ಥರ ಓಡಿ ಹತ್ತೋದು ಅಲ್ಲಿ ಇಲ್ಲ. ನಾರ್ತ್ ಸ್ಟೇಷನ್ ಪಕ್ಕದಲ್ಲೇ ಬಸ್ ನಿಲ್ದಾಣ, ಅಲ್ಲಿಂದ ಟಾಂಗ್‌ಕೋಗೆ ಒಂದು ಗಂಟೆ ಚಿಲ್ಲರೆ.

ಎರಡು ದಿನದ ದಾರಿ

ದೊಡ್ಡ ಸೂಟ್‌ಕೇಸ್ ಟಾಂಗ್‌ಕೋ ಹೋಟೆಲಲ್ಲಿ ಬಿಟ್ಟು ಬೆನ್ನಿಗೊಂದು ಬ್ಯಾಗ್ ಮಾತ್ರ. ಎಂಟ್ರಿ ಟಿಕೆಟ್ ಸೀಸನ್ನಲ್ಲಿ 190 ಯುವಾನ್, ಪಾಸ್‌ಪೋರ್ಟ್ ನಂಬರ್ ಹಾಕಿ ಮುಂಚೆನೇ ಬುಕ್ ಮಾಡ್ಕೊಳಿ. ಕೇಬಲ್ ಕಾರ್ ಒಂದು ಕಡೆಗೆ 80ರಿಂದ 90. ಊರಿಂದ ಕೇಬಲ್ ಕಾರ್ ಸ್ಟೇಷನ್ ತನಕ ಪಾರ್ಕಿನ ಬಸ್ಸಲ್ಲೇ ಹೋಗ್ಬೇಕು.

ಹತ್ತೋದು ಪೂರ್ವದ ಯುನ್‌ಗು ಕೇಬಲ್ ಕಾರ್ ಕಡೆಯಿಂದ, ಇಳಿಯೋದು ಯೂಪಿಂಗ್ ಕೇಬಲ್ ಕಾರ್ ಕಡೆಯಿಂದ, ಇದನ್ನ ಉಲ್ಟಾ ಮಾಡಿದ್ರೆ ಕಡಿದಾದ ಮೆಟ್ಟಿಲೆಲ್ಲ ಹತ್ತೋಕೇ ಬೀಳತ್ತೆ. ಮೊದಲ ದಿನ ಕೇಬಲ್ ಕಾರ್ ಇಳಿದು ಶಿಶಿನ್ ಶಿಖರ, ಅಲ್ಲಿಂದ ಬೆಯ್‌ಹಾಯ್, ಸಮುದ್ರ ನೋಡ್ತಾ ಕೂತ ಕೋತಿ ಅಂತ ಒಂದು ಬಂಡೆ, ಸಂಜೆಗೆ ಪಾಯ್‌ಯುನ್ ಮಂಟಪ. ಅಷ್ಟೇ, ಜಾಸ್ತಿ ತುರುಕಬೇಡಿ.

ಮಾರನೇ ಬೆಳಿಗ್ಗೆ ಕತ್ತಲಲ್ಲೇ ಎಲ್ಲರೂ ಎದ್ದು ಗ್ವಾಂಗ್‌ಮಿಂಗ್‌ಡಿಂಗ್‌ಗೆ, ಅಂದ್ರೆ 1,860 ಮೀಟರ್ ಎತ್ತರದ ಆ ಬೋಳು ನೆತ್ತಿಗೆ ಹೊರಡ್ತಾರೆ, ಸುಮಾರು ಹೋಟೆಲ್ ರೂಮಲ್ಲಿ ದಪ್ಪ ಜಾಕೆಟ್ ನೇತಾಕಿರ್ತಾರೆ, ಅದನ್ನ ಹಾಕ್ಕೊಂಡು ಹೋಗಿ. ನಾವೂ ಹೋದ್ವಿ. ಸೂರ್ಯ ಕಾಣ್ಲಿಲ್ಲ, ಬರೀ ಬಿಳಿ, ಪಕ್ಕದಲ್ಲಿ ನಿಂತಿದ್ದ ನಮ್ಮೆಜಮಾನ್ರ ಕನ್ನಡಕವೂ ಬಿಳಿ. ಬೈಕೊಂಡು ವಾಪಸ್ ಬಂದು ಏಳೂವರೆಗೆ ಗಂಜಿ ಕುಡೀತಾ ಕೂತಿದ್ವಿ, ಕಿಟಕಿ ಪಕ್ಕದ ಟೇಬಲ್‌ನೋರು ಇದ್ದಕ್ಕಿದ್ದಂಗೆ ಚಾಪ್‌ಸ್ಟಿಕ್ ಬಿಟ್ಟು ಎದ್ದು ಓಡಿದ್ರು, ಏನೋ ಆಯ್ತು ಅಂತ ನಾವೂ ಓಡಿದ್ರೆ ಮೋಡ ಎಲ್ಲಾ ಕೆಳಗಿಳಿದು ಕಣಿವೆ ತುಂಬ ಹಾಲು ಉಕ್ಕಿ ಪಾತ್ರೆ ಅಂಚಿಗೆ ಬಂದು ನಿಂತಂಗೆ ನಿಂತಿದೆ, ಶಿಖರದ ತುದಿಗಳು ಮಾತ್ರ ಮೇಲೆ. ಹತ್ತು ನಿಮಿಷ ಅಷ್ಟೇ. ಮಳೆ ಬಂದು ನಿಂತ ಮಾರನೇ ಬೆಳಿಗ್ಗೆ ಇದು ಸಿಗೋ ಸಾಧ್ಯತೆ ಜಾಸ್ತಿ, ಹಾಗಾಗಿ ಮೊದಲ ದಿನ ಮಳೆ ಬಂತು ಅಂತ ಬುಕಿಂಗ್ ಕ್ಯಾನ್ಸಲ್ ಮಾಡ್ಬೇಡಿ. ಛತ್ರಿ ಬೇಡ, ಗಾಳಿಗೆ ನಿಲ್ಲಲ್ಲ, ರೇನ್‌ಕೋಟ್ ಟಾಂಗ್‌ಕೋದಲ್ಲೇ ಕಮ್ಮಿಗೆ ಸಿಗತ್ತೆ.

ತಿಂಡಿ ಆದ್ಮೇಲೆ ಶೀಹಾಯ್ ಕಣಿವೆ. ಪಾಯ್‌ಯುನ್ ಮಂಟಪದ ಕಡೆಯಿಂದ ಇಳೀರಿ, ಬಂಡೆಗೆ ಅಂಟಿಸಿದಂಗಿರೋ ದಾರಿ, ಕೆಳಗೆ ನೋಡಿದ್ರೆ ಹೊಟ್ಟೆಯಲ್ಲಿ ಚಿಟ್ಟೆ ಅಲ್ಲ, ಕಪ್ಪೆನೇ ಹಾರತ್ತೆ, ತಳದಿಂದ ಮೇಲೆ ಬರೋಕೆ ಹಳಿ ಮೇಲಿನ ಪುಟ್ಟ ರೈಲಿದೆ. ಎತ್ತರ ಅಂದ್ರೆ ಆಗಲ್ಲ ಅನ್ನೋರು ಇದನ್ನ ಬಿಡಿ, ನಾಚ್ಕೋಬೇಡಿ. ಆಮೇಲೆ ಯೂಪಿಂಗ್ ಕಡೆ ನಡೆದ್ರೆ ಅತಿಥಿಗಳನ್ನ ಸ್ವಾಗತಿಸೋ ಪೈನ್ ಮರ, ಒಂದು ಕೈ ಚಾಚಿ ಬನ್ನಿ ಅಂದಂಗಿದೆ. ಆ ಒಂದು ಮರ ಕಾಯೋಕೇ ಒಬ್ಬ ನೌಕರ ಇದ್ದಾರೆ, ಕೊಂಬೆ, ಬೇರು, ತೊಗಟೆ ದಿನಾ ಪರೀಕ್ಷೆ ಮಾಡಿ ಬರೆದಿಡೋದೇ ಕೆಲ್ಸ. ಫೋಟೋ ಲೈನ್ ಉದ್ದ ಇರತ್ತೆ.

ಊಟ, ಅದರಲ್ಲೂ ಸಸ್ಯಾಹಾರಿಗಳು

"ವೋ ಛ್ರ್ ಸೂ" ಅಂದ್ರೆ ನಾನು ಸಸ್ಯಾಹಾರಿ. ನಮ್ಮ ಉಚ್ಚಾರಣೆ ನಂಬ್ಕೋಬೇಡಿ, ಚೀನೀ ಅಕ್ಷರದಲ್ಲಿ ಬರೆಸಿ ಫೋನಲ್ಲಿಟ್ಕೊಂಡು ತೋರಿಸಿ, ಜೊತೆಗೆ ಮೊಟ್ಟೆ, ಹಂದಿ ಕೊಬ್ಬು ಬೇಡ ಅಂತಾನೂ ಬರೆಸಿ. ಯಾಕಂದ್ರೆ ಬೀದೀಲಿ ಮಾರೋ ಹ್ವಾಂಗ್‌ಶಾನ್ ಶಾವ್‌ಬಿಂಗ್, ಎಳ್ಳು ಹಾಕಿದ ಗರಿಗರಿ ಬಿಸ್ಕತ್ತಿನ ಥರದ್ದು, ನೋಡೋಕೆ ಶುದ್ಧ ಬ್ರಾಹ್ಮಣರ ಬೇಕರಿ ಐಟಂ, ಒಳಗೆ ಒಣಗಿಸಿದ ಸಾಸಿವೆ ಸೊಪ್ಪಿನ ಜೊತೆ ಹಂದಿ ಕೊಬ್ಬು. ಇಲ್ಲಿಯ ವಿಶೇಷ ಬೂಷ್ಟು ಬರಿಸಿದ ತೋಫು, ಮೇಲೆ ಬಿಳಿ ಕೂದಲಿರತ್ತೆ, ಕರಿದು ಖಾರದ ಜೊತೆ ಕೊಡ್ತಾರೆ. ನಾನು ಒಂದು ತುಂಡು ತಿಂದೆ. ಎರಡನೇದು ತಿನ್ನಲಿಲ್ಲ.

ಆದ್ರೆ ಒಂದು ದೊಡ್ಡ ಉಪಕಾರ ಇದೆ, ಚೀನಾದಲ್ಲಿ ಕುದಿಯೋ ನೀರು ಎಲ್ಲೆಲ್ಲೂ ಸಿಗತ್ತೆ, ಟ್ರೈನಲ್ಲಿ ನಲ್ಲಿ, ರೂಮಲ್ಲಿ ಕೆಟಲ್. ಮನೆಯಿಂದ ಗೊಜ್ಜವಲಕ್ಕಿ ಮಿಕ್ಸ್ ನಾಲ್ಕು ಪೊಟ್ಟಣ, ಚಟ್ನಿಪುಡಿ, ಒಂದು ಮುಚ್ಚಳದ ಸ್ಟೀಲ್ ಡಬ್ಬಿ ತಗೊಂಡು ಹೋಗಿ, ಬಿಸಿನೀರು ಹಾಕಿ ಐದು ನಿಮಿಷ ಮುಚ್ಚಿಟ್ರೆ ಊಟ ರೆಡಿ. ಬೆಟ್ಟದ ಮೇಲೆ ಊಟದ ಬಿಲ್ ನೋಡಿದ್ಮೇಲೆ ಮಾಂಸಾಹಾರಿಗಳೂ ಡಬ್ಬಿಗೆ ಕೈ ಹಾಕ್ತಾರೆ, ಒಂದು ಪೊಟ್ಟಣ ಜಾಸ್ತಿನೇ ಇರ್ಲಿ.

ಮೂರನೇ ದಿನ ಮೀನಖಂಡ ಹಿಡ್ಕೊಂಡು ಮೆಟ್ಟಿಲು ಇಳಿಯೋಕೂ ಗೋಡೆ ಬೇಕಾಗತ್ತೆ, ಆ ದಿನಕ್ಕೆ ಇನ್ನೊಂದು ಬೆಟ್ಟ ಇಟ್ಕೋಬೇಡಿ. ಟಾಂಗ್‌ಕೋದಿಂದ ಹೊಂಗ್‌ತ್ಸುನ್‌ಗೆ ಬಸ್ಸಿದೆ, 2000ದಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಹಳೇ ಹಳ್ಳಿ, ಬಿಳಿ ಗೋಡೆ, ಕಪ್ಪು ಹೆಂಚು, ಮನೆಮನೆ ಮುಂದೆ ಹರಿಯೋ ಸಣ್ಣ ಕಾಲುವೆ, ಊರ ಮಧ್ಯೆ ಅರ್ಧಚಂದ್ರದ ಕೊಳ. ಪೂರ್ತಿ ಸಮತಟ್ಟು. ಕೊಳದ ಕಟ್ಟೆ ಮೇಲೆ ಕಾಲು ಚಾಚ್ಕೊಂಡು ಕೂತ್ಕೊಳಿ, ವಾಪಸ್ ಟ್ರೈನ್ ಸಂಜೆದು ಬುಕ್ ಮಾಡಿ.