ಹೊಡೆದದ್ದು ಸಿಟ್ಟಿಗೋ, ಜೀವ ಉಳಿಸಿಕೊಳ್ಳಲೋ? ಹಲ್ಲೆ ಪ್ರಕರಣದಲ್ಲಿ ಆತ್ಮರಕ್ಷಣೆಯನ್ನು ಮುಂದಿಡುವುದು ಹೇಗೆ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ, ಮಾನ್ವಿ, ಸಿರವಾರ ಕಡೆಯ ಹೊಲಗಳಲ್ಲಿ ನೀರಿನ ಸರದಿಗಾಗಿ ರಾತ್ರಿಯಿಡೀ ಕಾಯುವವರಿಗೆ ಜಗಳ ಹೇಗೆ ಹೊತ್ತಿಕೊಳ್ಳುತ್ತದೆಂದು ಹೇಳಿಕೊಡಬೇಕಾಗಿಲ್ಲ. ಒಬ್ಬ ತೂಬು ಮುಚ್ಚುತ್ತಾನೆ, ಇನ್ನೊಬ್ಬ ತಾಯಿಯ ಹೆಸರೆತ್ತಿ ಬೈಯುತ್ತಾನೆ, ಸಲಿಕೆ ಮೇಲೇಳುತ್ತದೆ. ಬೆಳಗಾಗುವಷ್ಟರಲ್ಲಿ ಠಾಣೆಯಲ್ಲಿ ದೂರು, ಪ್ರತಿದೂರು. ಇಬ್ಬರದೂ ಒಂದೇ ಮಾತು: ‘ಮೊದಲು ಶುರು ಮಾಡಿದವನು ಅವನೇ.’ ಈ ಮಾತಿನಲ್ಲಿ ಪ್ರಚೋದನೆ ಮತ್ತು ಆತ್ಮರಕ್ಷಣೆ ಎರಡೂ ಬೆರೆತಿವೆ. ಅವನ್ನು ಬೇರ್ಪಡಿಸಿಕೊಳ್ಳುವುದೇ ಮೊದಲ ಹೆಜ್ಜೆ.

ಬೈಗುಳಕ್ಕೆ ಕೆರಳಿ ಹೊಡೆದಿದ್ದರೆ ಅದು ಪ್ರಚೋದನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 115(2)ನೇ ಕಲಮಿನಡಿ ಗಾಯಪಡಿಸಿದ್ದಕ್ಕೆ ಒಂದು ವರ್ಷದವರೆಗೆ ಸೆರೆವಾಸವಿದೆ. ಪ್ರಚೋದನೆ ಗಂಭೀರವೂ ಹಠಾತ್ತೂ ಆಗಿದ್ದರೆ 122(1)ನೇ ಕಲಮಿನಡಿ ಅದು ಒಂದು ತಿಂಗಳಿಗೆ ಇಳಿಯುತ್ತದೆ. ಇಳಿಯುವುದು ಶಿಕ್ಷೆ ಮಾತ್ರ, ಅಪರಾಧ ಅಳಿಯುವುದಿಲ್ಲ. ಮನೆಗೆ ಹೋಗಿ ಕೊಡಲಿ ತಂದು ಹೊಡೆದವನಿಗೆ, ತಾನೇ ಕೆಣಕಿ ಜಗಳ ತೆಗೆದವನಿಗೆ ಈ ರಿಯಾಯಿತಿಯೂ ಸಿಗುವುದು ಕಷ್ಟ.

ಆತ್ಮರಕ್ಷಣೆಯ ದಾರಿ ಬೇರೆ. ಸಂಹಿತೆಯ 34ರಿಂದ 44ರವರೆಗಿನ ಕಲಮುಗಳ ಪ್ರಕಾರ, ಮಿತಿಯೊಳಗೆ ಆತ್ಮರಕ್ಷಣೆಗಾಗಿ ಮಾಡಿದ್ದು ಅಪರಾಧವೇ ಅಲ್ಲ. ಪೆಟ್ಟು ಬೀಳುವವರೆಗೆ ಕಾಯಬೇಕಾಗಿಯೂ ಇಲ್ಲ. ಎದುರಾಳಿ ಸಲಿಕೆ ಎತ್ತಿ ಬಂದಾಗ ಜೀವಕ್ಕೆ ಅಪಾಯವಿದೆಯೆಂಬ ಸಕಾರಣ ಭಯ ಹುಟ್ಟಿದ ಕ್ಷಣದಿಂದಲೇ ಹಕ್ಕು ಆರಂಭವಾಗುತ್ತದೆ, ಆ ಭಯ ಇರುವಷ್ಟು ಹೊತ್ತು ಉಳಿಯುತ್ತದೆ. ಹಲ್ಲೆಗೊಳಗಾದವನು ಪ್ರತಿ ಪೆಟ್ಟನ್ನೂ ಅಳೆದು ತೂಗಿ ಹೊಡೆಯಬೇಕೆಂದು ನಿರೀಕ್ಷಿಸಲಾಗದೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ಹೇಳಿದೆ. ಆದರೆ ಎದುರಾಳಿಯ ಕೈಯ ಸಲಿಕೆ ಕೆಳಗೆ ಬಿದ್ದು, ಅವನು ಬೆನ್ನು ತಿರುಗಿಸಿ ಓಡತೊಡಗಿದ ಮೇಲೆ ಕೊಟ್ಟ ಪೆಟ್ಟು ಸೇಡಾಗುತ್ತದೆ. ನನ್ನ ದೃಷ್ಟಿಯಲ್ಲಿ ಇಂಥ ಪ್ರಕರಣಗಳ ಹಣೆಬರಹ ನಿರ್ಧಾರವಾಗುವುದು ಆ ಕೊನೆಯ ಪೆಟ್ಟಿನಲ್ಲಿಯೇ. ಇನ್ನೊಂದು ಮಿತಿ 37ನೇ ಕಲಮಿನದು: ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದಲ್ಲಿ ಈ ಹಕ್ಕಿಲ್ಲ. ನಿನ್ನೆ ನೀರು ತಿರುಗಿಸಿಕೊಂಡವನನ್ನು ಇಂದು ಅಡ್ಡಗಟ್ಟಿ ಹೊಡೆದರೆ ರಕ್ಷಣೆಯ ವಾದ ನಿಲ್ಲುವುದಿಲ್ಲ.

ಘಟನೆ ನಡೆದ ಕೂಡಲೇ 112ಕ್ಕೆ ಕರೆ ಮಾಡಿ. ಗಾಯ ಸಣ್ಣದಾದರೂ ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಯಾವ ಆಯುಧದಿಂದ ಪೆಟ್ಟಾಯಿತೆಂದು ವೈದ್ಯರಿಗೆ ತಿಳಿಸಿ, ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಸಂಬಂಧಿಸಿದ ಗಾಯವೆಂಬ ವೈದ್ಯಕೀಯ ನಮೂದು) ದಾಖಲಿಸಲು ಕೇಳಿ. ರಕ್ತದ ಅಂಗಿಯನ್ನು ತೊಳೆಯಬೇಡಿ. ದೂರು ಕೊಟ್ಟರೆ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು.

ಇಲ್ಲಿ ಬಹಳ ಜನ ಎಡವುವುದು ‘ನಾನು ಅಲ್ಲಿರಲೇ ಇಲ್ಲ’ ಎಂಬ ಸುಳ್ಳಿನಿಂದ. ಆಮೇಲೆ ಆತ್ಮರಕ್ಷಣೆಯ ಮಾತೆತ್ತಿದರೆ ನಂಬುವವರು ಯಾರು? ಆದ್ದರಿಂದ ಹೇಳಿಕೆ ಕೊಡುವ ಮುನ್ನ ವಕೀಲರನ್ನು ಕಾಣಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಬಂಧನದಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಉಚಿತ ವಕೀಲರು ದೊರೆಯುತ್ತಾರೆ, ಸಹಾಯವಾಣಿ 15100.

ಆತ್ಮರಕ್ಷಣೆಯನ್ನು ತೋರಿಸುವ ಹೊಣೆ ಆರೋಪಿಯದೇ ಆದರೂ ಅದನ್ನು ಸಂಶಯಾತೀತವಾಗಿ ಸಾಬೀತುಪಡಿಸಬೇಕಿಲ್ಲ, ಸಂಭವನೀಯವೆಂದು ತೋರಿಸಿದರೆ ಸಾಕು. ದೂರು, ಪ್ರತಿದೂರುಗಳನ್ನು ಸಾಮಾನ್ಯವಾಗಿ ಒಬ್ಬರೇ ನ್ಯಾಯಾಧೀಶರು ವಿಚಾರಿಸುವುದರಿಂದ, ನಿಮ್ಮ ಗಾಯದ ಪ್ರಮಾಣಪತ್ರ ಎರಡೂ ಕಡತಗಳಲ್ಲಿ ಸೇರಿದೆಯೇ ಎಂದು ವಕೀಲರಿಂದ ಮೊದಲೇ ಖಚಿತಪಡಿಸಿಕೊಳ್ಳಿ.