ಇಲ್ಲದ ಹಡಗಿಗೂ ಅಳತೆ ಬೇಕು
ನೆಪೋಲಿಯನ್ ಕಾಲದ ಕಾಲ್ಪನಿಕ ಯುದ್ಧನೌಕೆಯ ಮಾದರಿ ಕಟ್ಟುವುದು ಹೇಗೆ?

ಹಾಯಿ ಹಡಗಿನ ಮಾದರಿ ಕಟ್ಟುವ ಆಸೆ ಹುಟ್ಟಿದವರು ಸಾಮಾನ್ಯವಾಗಿ ಒಂದು ಕಿಟ್ ಕೊಳ್ಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಚರಿತ್ರೆಯಲ್ಲಿ ಎಂದೂ ಇಲ್ಲದ, ನೀವೇ ಹೆಸರಿಟ್ಟ ಹಡಗನ್ನು ಮರದಲ್ಲಿ ಕಟ್ಟಿ ನಿಲ್ಲಿಸುವ ಖುಷಿಯೇ ಬೇರೆ. ಅದಕ್ಕೆ ಒಂದು ಷರತ್ತಿದೆ. ಹೆಸರು, ಮೂತಿಯ ಗೊಂಬೆ, ಹಿಂಬದಿಯ ಕೆತ್ತನೆ ನಿಮ್ಮ ಇಷ್ಟ. ಮಿಕ್ಕಿದ್ದೆಲ್ಲ ಆ ಕಾಲದ ಹಡಗು ಬಡಗಿಗಳ ಲೆಕ್ಕದಂತೆಯೇ ಇರಬೇಕು. ಆಗ ಮಾತ್ರ ನೋಡಿದವರು ‘ಈ ಹಡಗು ಈಗ ಎಲ್ಲಿದೆ?’ ಎಂದು ಕೇಳುತ್ತಾರೆ.

ಮೊದಲು ಜಾತಕ ಬರೆಯಿರಿ

ಮರ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಹಡಗು ಯಾವ ವರ್ಷದ್ದು, ಎಲ್ಲಿ ಕಟ್ಟಿದ್ದು, ಎಷ್ಟು ಫಿರಂಗಿಯದು. ಈ ಮೂರು ಗೊತ್ತಾದರೆ ಬಣ್ಣ, ಕಂಬ, ತಾಮ್ರ ಎಲ್ಲವೂ ತಾನಾಗಿ ತೀರ್ಮಾನವಾಗುತ್ತದೆ.

ನಾನು ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ‘ಓನೋರ್’ ಎಂಬ ಕಾಲ್ಪನಿಕ ಫ್ರಿಗೇಟ್, ಅಂದರೆ ವೇಗದ ಮಧ್ಯಮ ಗಾತ್ರದ ಯುದ್ಧನೌಕೆ. ಹೊನ್ನಾವರವನ್ನು ಬ್ರಿಟಿಷರು ಹಾಗೆ ಕರೆಯುತ್ತಿದ್ದರು. ವರ್ಷ 1812, ಕಟ್ಟಿದ್ದು ಮುಂಬೈ ಬಂದರಿನಲ್ಲಿ, ತೇಗದಲ್ಲಿ. ಇದು ನಂಬಲಾಗದ ಕಥೆಯೇನಲ್ಲ. ಪಾರ್ಸಿ ಹಡಗು ಶಿಲ್ಪಿ ಜಮ್‌ಸೆಟ್‌ಜಿ ಬೊಮನ್‌ಜಿ ವಾಡಿಯಾ ಆಗ ಅಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಹಡಗು ಕಟ್ಟುತ್ತಿದ್ದರು. ಅವರು ಕಟ್ಟಿದ ‘ಟ್ರಿಂಕೋಮಲಿ’ 1817ರಲ್ಲಿ ನೀರಿಗಿಳಿಯಿತು. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಅದು ಇವತ್ತಿಗೂ ತೇಲುತ್ತಿದೆ.

ಟ್ರಿಂಕೋಮಲಿ ‘ಲೀಡಾ’ ವರ್ಗದ ಫ್ರಿಗೇಟ್. ಈ ವರ್ಗದ ವಿನ್ಯಾಸ ಬಂದದ್ದು 1782ರಲ್ಲಿ ಬ್ರಿಟಿಷರ ಕೈಗೆ ಸಿಕ್ಕ ಫ್ರೆಂಚ್ ಹಡಗು ‘ಹೆಬೆ’ಯಿಂದ. ಫಿರಂಗಿ ಡೆಕ್ಕಿನ (ಮುಖ್ಯ ಫಿರಂಗಿಗಳ ಸಾಲಿರುವ ಅಂತಸ್ತಿನ) ಉದ್ದ ಸುಮಾರು 150 ಅಡಿ, ಅಗಲ ಸುಮಾರು 40 ಅಡಿ. ನಮ್ಮ ಓನೋರ್‌ಗೂ ಇದೇ ಮೈಕಟ್ಟು ಸಾಕು. ಮೂಲ ನಕ್ಷೆಗಳು ಗ್ರೀನಿಚ್ ವಸ್ತುಸಂಗ್ರಹಾಲಯದಲ್ಲಿವೆ, ಪ್ರತಿ ಕೊಳ್ಳಬಹುದು. ಮೈಯ ಗೆರೆಗಳನ್ನು ಮಾತ್ರ ನೀವು ಕಲ್ಪಿಸಲು ಹೋಗಬೇಡಿ.

ಸ್ಕೇಲ್ ಆಯ್ಕೆ

ಮೊದಲ ಸಲಕ್ಕೆ 1:96 ಒಳ್ಳೆಯದು. ಕಾರಣ ಸರಳ: ಒಂದು ಅಡಿ ಅಂದರೆ ಇಂಚಿನ ಎಂಟನೇ ಒಂದು ಭಾಗ. ಸಾಮಾನ್ಯ ಇಂಚಿನ ಸ್ಕೇಲ್ ಪಟ್ಟಿಯಲ್ಲೇ ಅಳೆಯಬಹುದು, ಕ್ಯಾಲ್ಕ್ಯುಲೇಟರ್ ಬೇಡ. 150 ಅಡಿಯ ಡೆಕ್ 18.75 ಇಂಚು ಆಗುತ್ತದೆ, 40 ಅಡಿಯ ಅಗಲ 5 ಇಂಚು.

ಈಗಲೇ ಒಂದು ಗಟ್ಟಿ ಕಾಗದದಲ್ಲಿ 17 ಮಿಲಿಮೀಟರ್ ಎತ್ತರದ ಮನುಷ್ಯನನ್ನು ಕತ್ತರಿಸಿ ಇಟ್ಟುಕೊಳ್ಳಿ. ಐದೂವರೆ ಅಡಿಯ ನಾವಿಕ ಈ ಸ್ಕೇಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತಾನೆ. ಕಾಲ್ಪನಿಕ ಹಡಗಿಗೆ ಇವನಷ್ಟು ಉಪಕಾರಿ ಸಾಧನ ಇನ್ನೊಂದಿಲ್ಲ. ಮೆಟ್ಟಿಲು, ಬಾಗಿಲು, ಚುಕ್ಕಾಣಿ ಚಕ್ರ, ಏನೇ ಮಾಡಿದರೂ ಇವನನ್ನು ಪಕ್ಕದಲ್ಲಿ ನಿಲ್ಲಿಸಿ. ಚಕ್ರ ಅವನ ಕೈಗೆ ಎಟುಕುತ್ತಾ? ಕಟಾಂಜನ ಅವನ ಸೊಂಟದ ಬಳಿ ಬರುತ್ತಾ ಅಥವಾ ಕಣ್ಣು ಮುಚ್ಚುತ್ತಾ? ಬಹಳ ಮಾದರಿಗಳು ಆಟಿಕೆಯಂತೆ ಕಾಣುವುದು ಇಂಥ ಜಾಗದಲ್ಲೇ.

ಅಸ್ಥಿಪಂಜರ

5 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಹಡಗಿನ ನಡುಹಲಗೆಯನ್ನು ಕತ್ತರಿಸಿ. ಮೂತಿಯಿಂದ ಹಿಂಬದಿಯವರೆಗಿನ ಪಕ್ಕನೋಟದ ಆಕಾರ ಅದು. ಸುಮಾರು ಒಂದೂವರೆ ಇಂಚಿಗೊಂದರಂತೆ ಅಡ್ಡ ಹಲಗೆಗಳನ್ನು ಸಿಕ್ಕಿಸಲು ಅದರಲ್ಲಿ ಕಚ್ಚು ಮಾಡಿ. ಅಡ್ಡ ಹಲಗೆಗಳ ಆಕಾರ ನಕ್ಷೆಯಲ್ಲೇ ಇರುತ್ತದೆ. ಎಲ್ಲ ಸೇರಿಸಿದಾಗ ಮೀನಿನ ಮುಳ್ಳಿನ ಹಾಗೆ ಕಾಣಬೇಕು.

ಅಂಟು ಹಾಕುವ ಮೊದಲು ನೇರ ಪಟ್ಟಿ ಹಿಡಿದು ನಡುಹಲಗೆ ಸೊಟ್ಟಗಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಇಲ್ಲಿ ಒಂದು ಮಿಲಿಮೀಟರ್ ತಿರುಚಿದರೆ ಮುಂದೆ ಮೂರು ಕಂಬಗಳೂ ಮೂರು ದಿಕ್ಕಿಗೆ ವಾಲುತ್ತವೆ. ಮೂತಿಯ ಎರಡೂ ಬದಿಗೆ ಬಾಲ್ಸಾ ಮರದ ತುಂಡು ತುಂಬಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಗುಂಡಗೆ ಮಾಡಿ. ಪಟ್ಟಿಗಳು ಅಲ್ಲೇ ಜಾಸ್ತಿ ಬಾಗಬೇಕು, ಅವಕ್ಕೆ ಆಸರೆ ಬೇಕು.

ಪಟ್ಟಿ ಹೊದಿಸುವುದು

ಒಂದು ಮಿಲಿಮೀಟರ್ ದಪ್ಪದ ಮರದ ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ, ಬಾಗಿಸಿ, ಒಣಗಿದ ಮೇಲೆ ಅಂಟಿಸಿ. ಎಡಗಡೆ ಒಂದು ಹಾಕಿದರೆ ಬಲಗಡೆ ಒಂದು. ಒಂದೇ ಬದಿ ಮುಗಿಸಿಬಿಟ್ಟರೆ ಇಡೀ ಅಸ್ಥಿಪಂಜರ ಆ ಕಡೆಗೆ ಎಳೆದುಕೊಳ್ಳುತ್ತದೆ. ಮೂತಿಯ ಕಡೆ ಹೋಗುತ್ತಾ ಪ್ರತಿ ಪಟ್ಟಿಯನ್ನೂ ಸ್ವಲ್ಪ ಸ್ವಲ್ಪ ಸಣ್ಣಗೆ ಕೆತ್ತಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಏರುತ್ತವೆ. ಇದರ ಮೇಲೆ ತೇಗದ ವೆನೀರ್‌ನ (ಕಾಗದದಷ್ಟು ತೆಳುವಾದ ಮರದ ಹಾಳೆಯ) ಎರಡನೇ ಪದರ ಹಾಕಿದರೆ ಓನೋರ್‌ಗೆ ಅದರ ಹುಟ್ಟಿದೂರಿನ ಮರವೇ ಸಿಕ್ಕಂತಾಗುತ್ತದೆ.

ಇನ್ನು ಫಿರಂಗಿ ಕಿಂಡಿಗಳು. ಇಲ್ಲಿ ನಿಧಾನ ಮಾಡಿ. ಹಡಗಿನ ಡೆಕ್ ಸಪಾಟಾಗಿರುವುದಿಲ್ಲ. ಮುಂದೆ ಹಿಂದೆ ಏರಿ, ನಡುವೆ ತಗ್ಗಿರುತ್ತದೆ. ಕಿಂಡಿಯ ಮೇಲಂಚು ಕೆಳಅಂಚು ಆ ಬಾಗನ್ನೇ ಅನುಸರಿಸಬೇಕು. ಆದರೆ ಎಡ ಬಲ ಅಂಚುಗಳು ನೆಟ್ಟಗೆ, ಲಂಬವಾಗಿಯೇ ಇರಬೇಕು. ಅಂದರೆ ತುದಿಯ ಕಿಂಡಿಗಳು ಸರಿಯಾದ ಆಯತ ಅಲ್ಲ, ಚೂರು ಓರೆ. ಒಂದು ತೆಳು ಪಟ್ಟಿಯನ್ನು ಡೆಕ್ಕಿನ ಬಾಗಿಗೆ ಸಮವಾಗಿ ಗುಂಡುಪಿನ್ನಿನಿಂದ ಕಟ್ಟಿ, ದೂರ ನಿಂತು ನೋಡಿ. ಕಣ್ಣಿಗೆ ಹಿತವಾದ ಮೇಲೆ ಗೆರೆ ಎಳೆದು ಕತ್ತರಿಸಿ. ಒಂದು ಬದಿಗೆ 14 ಕಿಂಡಿ.

ಆ 28 ಕಿಂಡಿಗಳಲ್ಲಿ ಕೂರುವುದು 18 ಪೌಂಡ್ ಗುಂಡಿನ ಫಿರಂಗಿ, ಉದ್ದ 8 ಅಡಿ. ನಮ್ಮ ಸ್ಕೇಲಿನಲ್ಲಿ ಸರಿಯಾಗಿ ಒಂದು ಇಂಚು. ಮೇಲಿನ ಡೆಕ್ಕಿಗೆ 9 ಪೌಂಡಿನ 10 ಫಿರಂಗಿ. ಒಟ್ಟು 38. ಇವುಗಳ ಜೊತೆ ಕ್ಯಾರೊನೇಡ್ ಎಂಬ ಗಿಡ್ಡ ಫಿರಂಗಿಗಳೂ ಇರುತ್ತಿದ್ದವು, ಆದರೆ 1817ರವರೆಗೆ ಅವು ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಹಾಗಾಗಿ 38ರ ಫ್ರಿಗೇಟಿನಲ್ಲಿ 46 ಫಿರಂಗಿ ಕಂಡರೆ ಅದು ತಪ್ಪಲ್ಲ.

ತಾಮ್ರ ಮತ್ತು ಬಣ್ಣ

ಹುಳು ಮರ ಕೊರೆಯದಂತೆ ನೀರಿನ ಕೆಳಗಿನ ಭಾಗಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು. ಒಂದು ತಗಡು 4 ಅಡಿ ಉದ್ದ, 14 ಇಂಚು ಅಗಲ. ಅಂಟಿರುವ ತಾಮ್ರದ ಟೇಪನ್ನು ಅರ್ಧ ಇಂಚು ಉದ್ದ, ಮೂರೂವರೆ ಮಿಲಿಮೀಟರ್ ಅಗಲಕ್ಕೆ ಕತ್ತರಿಸಿ. ಹಿಂಬದಿಯ ಬುಡದಿಂದ ಶುರು ಮಾಡಿ ಮುಂದಕ್ಕೆ ಬನ್ನಿ. ಮುಂದಿನ ತಗಡು ಹಿಂದಿನದರ ಅಂಚನ್ನು ಮುಚ್ಚಬೇಕು.

ಮೇಲೆ ಕಪ್ಪು, ಕಿಂಡಿಗಳ ಸಾಲಿಗೆ ಮಣ್ಣು ಹಳದಿಯ ಪಟ್ಟೆ, ಕಿಂಡಿ ಮುಚ್ಚಳದ ಹೊರಮೈ ಕಪ್ಪು. ಹಳದಿಯ ಬದಲು ಬಿಳಿ ಪಟ್ಟೆ ರೂಢಿಗೆ ಬಂದದ್ದು ನೆಪೋಲಿಯನ್ ಜೊತೆಗಿನ ಯುದ್ಧ ಮುಗಿಯುವ ಹೊತ್ತಿಗೆ, ಆದ್ದರಿಂದ 1812ಕ್ಕೆ ಬೇಡ. ಹೊಳೆಯುವ ಪೇಂಟ್ ಖಂಡಿತ ಬೇಡ, ಮ್ಯಾಟ್ ಇರಲಿ.

ಮೂತಿಯ ಗೊಂಬೆ

ನಿಮ್ಮ ಕಲ್ಪನೆಗೆ ಪೂರ್ತಿ ಬಿಟ್ಟ ಜಾಗ ಇದು. ಆದರೂ ಒಂದು ನಿಜವಾದ ಗೊಂಬೆ ನೋಡಿ. 1819ರಲ್ಲಿ ಮುಂಬೈಯಲ್ಲೇ ‘ಸೆರಿಂಗಪಟಂ’ ಎಂಬ ಫ್ರಿಗೇಟ್ ನೀರಿಗಿಳಿಯಿತು. ಹೆಸರು ನಮ್ಮ ಶ್ರೀರಂಗಪಟ್ಟಣದ್ದೇ. ಅದರ ಮೂತಿಯ ಗೊಂಬೆ ಈಗ ಗ್ರೀನಿಚ್‌ನಲ್ಲಿದೆ: ದೊಡ್ಡ ಹಕ್ಕಿಯ ಮೇಲೆ ಕೂತು ಛತ್ರಿ ಹಿಡಿದ ಮನುಷ್ಯ, ಟಿಪ್ಪು ಸುಲ್ತಾನ್ ಎಂದು ಗುರುತಿಸುತ್ತಾರೆ. ಗೆದ್ದವರು ಸೋತವನನ್ನು ಹಡಗಿನ ಮೂತಿಗೆ ಕಟ್ಟಿ ಮೆರೆಸಿದ್ದು ನನಗೆ ನೋವಿನ ಸಂಗತಿಯೇ. ಆದರೆ ಕೆತ್ತನೆಯ ಕಸುಬು ಎಂಥದ್ದಿತ್ತು ಅಂತ ತಿಳಿಯಲು ಅದನ್ನು ನೋಡಲೇಬೇಕು. ಓನೋರ್‌ಗೆ ನಾನು ಆರಿಸುವುದು ಶರಾವತಿಯ ದೋಣಿಗಾರನನ್ನು, ಕೈಯಲ್ಲಿ ಹುಟ್ಟು. ಎಪಾಕ್ಸಿ ಪುಟ್ಟಿಯಲ್ಲಿ ತಿದ್ದಿ, ಒಣಗಿದ ಮೇಲೆ ಬ್ಲೇಡಿನಲ್ಲಿ ಕೆತ್ತಿ.

ಕಂಬ ಮತ್ತು ಹಗ್ಗ

ಮುಖ್ಯ ಕಂಬದ ಕೆಳತುಂಡಿಗೆ ಅಂದಿನ ಲೆಕ್ಕ ಸುಲಭ: ಡೆಕ್ಕಿನ ಉದ್ದ, ಹಡಗಿನ ಅಗಲ ಕೂಡಿಸಿ ಅರ್ಧ ಮಾಡಿ. 95 ಅಡಿ, ಅಂದರೆ ಹೆಚ್ಚುಕಡಿಮೆ 12 ಇಂಚು. ಒಡಲೊಳಗೆ ಇಳಿಯುವ ಭಾಗವೂ ಇದರಲ್ಲಿ ಸೇರಿದೆ. ಮುಂದಿನ ಕಂಬ ಅದರ ಒಂಬತ್ತರಲ್ಲಿ ಎಂಟು ಭಾಗ. ಇವುಗಳ ಮೇಲೆ ಇನ್ನೆರಡು ತುಂಡು ಕೂರುತ್ತವೆ. ಕಡ್ಡಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ, ತಿರುಗುವಾಗ ಉಪ್ಪುಕಾಗದ ಹಿಡಿದರೆ ತುದಿ ಸಣ್ಣಗಾಗುತ್ತದೆ.

ಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಡಾಂಬರು ಬಳಿಯುತ್ತಿದ್ದರು, ಅವಕ್ಕೆ ಕಡುಗಂದು ದಾರ. ಹಾಯಿ ಎಳೆಯುವ ಹಗ್ಗಗಳಿಗೆ ತಿಳಿ ನಾರಿನ ಬಣ್ಣ. ಪಾಲಿಯೆಸ್ಟರ್ ದಾರವೇ ಇರಲಿ. ಹತ್ತಿಯದು ಮಳೆಗಾಲದಲ್ಲೊಂದು ಥರ, ಬೇಸಿಗೆಯಲ್ಲೊಂದು ಥರ. ಕಟ್ಟುವ ಮೊದಲು ದಾರವನ್ನು ಜೇನುಮೇಣದ ಮೇಲೆ ಎಳೆಯಿರಿ, ಎದ್ದ ಜುಂಗು ಅಡಗುತ್ತದೆ. ಪಕ್ಕದ ಹಗ್ಗಗಳನ್ನು ಬಲಗಡೆ ಒಂದು ಜೋಡಿ, ಎಡಗಡೆ ಒಂದು ಜೋಡಿ ಎಂದು ಕಟ್ಟುತ್ತಾ ಹೋಗಿ. ಅವುಗಳ ಮೇಲೆ ನಾವಿಕರು ಹತ್ತುವ ಅಡ್ಡ ಹಗ್ಗಗಳ ನಡುವೆ ಮೂರೂವರೆ ಮಿಲಿಮೀಟರ್ ಅಂತರ. ಗೆರೆ ಎಳೆದ ಕಾಗದವನ್ನು ಹಿಂದೆ ಇಟ್ಟುಕೊಂಡು ಒಂದೊಂದೇ ಗಂಟು ಹಾಕಿ. ಇಲ್ಲೂ ಕಾಗದದ ನಾವಿಕನನ್ನು ನಿಲ್ಲಿಸಿ ನೋಡಿ, ಅವನ ಕಾಲಿಗೆ ಮೆಟ್ಟಿಲು ಸಿಗಬೇಕು.

ಹಾಯಿ ಹಾಕದೆ ಬಿಡುವುದೇ ವಾಸಿ. ಈ ಸ್ಕೇಲಿಗೆ ಬಟ್ಟೆ ದಪ್ಪವಾಗಿ ಕಾಣುತ್ತದೆ, ಹಗ್ಗದ ಕೆಲಸವನ್ನೆಲ್ಲ ಮುಚ್ಚುತ್ತದೆ. ಎಲ್ಲ ಮುಗಿದ ಮೇಲೆ ಅಳೆದು ಗಾಜಿನ ಪೆಟ್ಟಿಗೆ ಮಾಡಿಸಿ. ಮುಂಚಾಚಿನ ಕಂಬ ಸೇರಿ ಉದ್ದ ಎರಡೂವರೆ ಅಡಿ ಹತ್ತಿರ ಬರುತ್ತದೆ, ಎತ್ತರಕ್ಕೆ ಎರಡು ಅಡಿ ಬಿಡಿ. ಬಿಸಿಲು ನೇರ ಬೀಳುವ ಕಡೆ ಇಡಬೇಡಿ, ಮೊದಲು ದಾರದ ಬಣ್ಣ ಹೋಗುತ್ತದೆ, ಆಮೇಲೆ ಪಟ್ಟಿಗಳ ನಡುವೆ ಸಂದು ಬಿಡುತ್ತದೆ.