ಶಾರ್ಕಿಗೆ ರಜೆ ಕೊಟ್ಟ ಮೇಲೆ ಜಗಳ ಕಡಿಮೆಯಾಯಿತು

"ಸುದ್ದಿ ಮೇಲೆ ಜೋಕ್ ಮಾಡಿ ವಾದ ಗೆಲ್ಲೋದು ನಿನ್ನ ಕೈಲಿ ಆಗಲ್ಲ, ಸುಮ್ನೆ ಇರು" ಎಂದು ಗೆಳೆಯರು ವಾಟ್ಸಾಪ್ ಗ್ರೂಪಿನಲ್ಲೇ ಹೇಳಿದ್ದರು. ಆಗ ಅವರ ಮಾತು ಸರಿಯಾಗಿಯೇ ಇತ್ತು. ಮೊದಲ ವರ್ಷ ಸುಮಾರು ಆರು ಗ್ರೂಪುಗಳಿಂದ ಹೊರಬಿದ್ದೆ. ಎರಡರಿಂದ ನಾನೇ ಎದ್ದು ಬಂದೆ, ಉಳಿದವರು ತಳ್ಳಿದರು.

ಮೊದಲು ದುಡ್ಡು ಕಳೆದದ್ದು ಮೀಮ್ ಮಾಡುವ ಆ್ಯಪ್‌ಗೆ. ವರ್ಷದ ಚಂದಾ ಕಟ್ಟಿದೆ, ಹೆಚ್ಚುಕಡಿಮೆ ನಾಲ್ಕು ತಿಂಗಳ ರೀಚಾರ್ಜಿನಷ್ಟು. ಎಪ್ಪತ್ತೋ ಎಂಬತ್ತೋ ಮೀಮ್ ಮಾಡಿರಬೇಕು. ಜನ ನಕ್ಕಿದ್ದು ಐದಾರಕ್ಕೆ. ಆ ಐದಾರನ್ನು ಬರೀ ಒಂದು ಸಾಲಿನಲ್ಲಿ ಬರೆದಿದ್ದರೂ ನಗುತ್ತಿದ್ದರು.

ದೊಡ್ಡ ಪೆಟ್ಟು ಬಿದ್ದದ್ದು ಆಕಳಿಕೆ ತೆರಿಗೆಯಿಂದ. ಹೊಸ ತೆರಿಗೆಯ ಸುದ್ದಿ ಬಂದ ದಿನ, "ಇನ್ನು ಮುಂದೆ ಆಕಳಿಕೆಗೂ ತೆರಿಗೆ, ಬಾಯಿಯ ಅಗಲ ಅಳೆದು ವಸೂಲಿ" ಎಂದು ಸರ್ಕಾರಿ ಆದೇಶದ ಧಾಟಿಯಲ್ಲಿ ಬರೆದೆ. ಸ್ಮೈಲಿ ಹಾಕಿದರೆ ಮಜಾ ಹೋಗುತ್ತೆ ಅಂತ ಹಾಕಲಿಲ್ಲ. ಮೂರೇ ದಿನಕ್ಕೆ ಅದು ಹಲವು ಸಲ ಫಾರ್ವರ್ಡ್ ಆಗಿದೆ ಎಂದು ತೋರಿಸುವ ಎರಡು ಬಾಣದ ಗುರುತು ಹೊತ್ತು, ಸೋದರಮಾವನಿಂದ ನನಗೇ ಬಂತು. "ನೋಡಿದ್ಯೇನೋ? ಎಲ್ಲಿಗೆ ಬಂತು ಕಾಲ!" "ನಾನೇ ಬರೆದದ್ದು, ಮಾವ" ಅಂದರೆ ನಂಬಲಿಲ್ಲ. "ನಿಂಗೆಲ್ಲಿ ಬರುತ್ತೋ ಇದೆಲ್ಲ? ಮೇಲಿಂದ ಬಂದಿರೋ ಆದೇಶ" ಎಂದರು. ನಗುವಿನ ಗುರುತಿಲ್ಲದ ಅಣಕವನ್ನು ನಿಜ ಎಂದೇ ಓದುವವರು ಇರುತ್ತಾರೆ ಎಂದು ನೇಥನ್ ಪೋ ಎಂಬವರು 2005ರಲ್ಲೇ ಇಂಟರ್ನೆಟ್ ಚರ್ಚೆಯೊಂದರಲ್ಲಿ ಹೇಳಿದ್ದರು. ನನಗೆ ಅದು ಅರ್ಥವಾಗಲು ಮಾವ ಬೇಕಾಯಿತು.

ದಾರಿ ಸಿಕ್ಕಿದ್ದು ಶಾರ್ಕಿನಿಂದ. ಪ್ರವಾಹದ ನೀರಲ್ಲಿ ಕಾರಿನ ಪಕ್ಕ ಈಜುವ ಆ ಶಾರ್ಕ್ ಫೋಟೊ ನಿಮಗೂ ಬಂದಿರುತ್ತೆ, ಅಲ್ವಾ? ಮೊದಲೆಲ್ಲ "ಫೇಕ್, ಅಷ್ಟೂ ಗೊತ್ತಾಗಲ್ವಾ" ಎಂದು ಬರೆದು ಜಗಳ ತಂದುಕೊಳ್ಳುತ್ತಿದ್ದೆ. ಒಮ್ಮೆ ಹೀಗೆ ಬರೆದೆ: "ಪಾಪ, 2011ರಿಂದ ಎಲ್ಲಿ ಪ್ರವಾಹ ಬಂದರೂ ಇದಕ್ಕೇ ಡ್ಯೂಟಿ. ಒಂದು ದಿನ ರಜೆ ಕೊಡ್ರಪ್ಪಾ." ಎರಡು ನಿಮಿಷ ಬಿಟ್ಟು, 2005ರಲ್ಲಿ ಆಫ್ರಿಕಾದ ಪತ್ರಿಕೆಯೊಂದರಲ್ಲಿ ಬಂದಿದ್ದ ಮೂಲ ಫೋಟೊ ಹಾಕಿದೆ. ಅದರಲ್ಲಿ ಶಾರ್ಕ್ ಒಂದು ಸಣ್ಣ ದೋಣಿಯ ಹಿಂದೆ ಬರುತ್ತಿದೆ. ಕಳಿಸಿದವರೇ ಮೊದಲು ನಕ್ಕರು. ನಗು ಶಾರ್ಕಿನ ಮೇಲೆ ಹೋಯಿತು, ಅವರ ಮೇಲೆ ಬೀಳಲಿಲ್ಲ.

ಅಂದಿನಿಂದ ಮೊದಲು ಜೋಕು, ಆಮೇಲೆ ಪುರಾವೆ. ತಿರುಗಿಸಿ ಮಾಡಿಯೂ ನೋಡಿದೆ, ಪುರಾವೆ ಮುಂದಿಟ್ಟರೆ ಜೋಕನ್ನು ಯಾರೂ ಓದುವುದಿಲ್ಲ. ಬೆಳಿಗ್ಗೆ ಹಾಕಿದರೆ ಜಾಸ್ತಿ ನಗುತ್ತಾರಾ ಎಂದು ಒಂದು ತಿಂಗಳು ಲೆಕ್ಕ ಬರೆದಿಟ್ಟೆ. ಏನೂ ವ್ಯತ್ಯಾಸ ಕಾಣಲಿಲ್ಲ, ನಿದ್ದೆ ಕೆಟ್ಟಿತು ಅಷ್ಟೆ. ಎದುರಿನವರು ಮತ್ತೂ ಪಟ್ಟು ಹಿಡಿದರೆ ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆ ನನಗೇ ಕೇಳುತ್ತೀರಿ.

ಈಗ ಹತ್ತು ವಾದದಲ್ಲಿ ಏಳಾದರೂ ನಗುವಿನಲ್ಲಿ ಮುಗಿಯುತ್ತವೆ. ತಳ್ಳಿದ್ದ ಒಂದು ಗ್ರೂಪಿನವರು ವಾಪಸ್ ಸೇರಿಸಿಕೊಂಡಿದ್ದಾರೆ. ಮಾವನೂ ಹುಷಾರಾಗಿದ್ದಾರೆ. ಮೊನ್ನೆ ಒಂದು ಆದೇಶದ ಸುದ್ದಿ ಕಳಿಸಿ, "ಇದು ನಿಂದಾ, ನಿಜಾನಾ?" ಎಂದು ಕೇಳಿದರು. ಓದಿದರೆ ನನ್ನದೇ ಜೋಕಿನ ಹಾಗಿತ್ತು. ಹುಡುಕಿ ನೋಡಿದೆ, ನಿಜವೇ ಆಗಿತ್ತು.